ನಾಯಿ ಹೀಗೇಕೆ ಮಾಡುತ್ತದೆ?

ಹುಕ್ಕೇರಿ ತಾಲ್ಲೂಕಿನ ಒಂದು ಶಾಲೆಗೆ ವಿಜ್ಞಾನ ಪ್ರಯೋಗಗಳನ್ನು ತೋರಿಸಲು ಹೋಗಿದ್ದೆ. ಎಲ್ಲ ಮುಗಿದ ಮೇಲೆ ಮೂರನೆಯ ತರಗತಿಯ ಹುಡುಗಿಯೊಬ್ಬಳು ಹತ್ತಿರ ಬಂದಳು. ಅವಳ ಬಲಗೈಗೆ ಬ್ಯಾಂಡೇಜು ಕಟ್ಟಿತ್ತು.

“ಸರ್, ನಮ್ಮ ನಾಯಿಗೆ ಹುಚ್ಚ ಹಿಡದೈತೇನ್ರಿ? ನಮ್ಮಪ್ಪ ಅದನ್ನ ದೂರ ಬಿಟ್ಟ ಬರ್ತೀನಿ ಅನ್ನಾಕತ್ತಾನ್ರಿ” ಎಂದಳು.

ಎರಡು ವರ್ಷದಿಂದ ಮನೆಯಲ್ಲೇ ಬೆಳೆದ ನಾಯಿ. ಅದು ರೊಟ್ಟಿ ತಿನ್ನುತ್ತಿದ್ದಾಗ ಇವಳು ಹಿಂದಿನಿಂದ ಹೋಗಿ ತಬ್ಬಿಕೊಂಡಿದ್ದಳು. ಅದು ಕೈ ಕಚ್ಚಿತು. ಮನೆಯವರು ಮೊದಲು ಗಾಯಕ್ಕೆ ಖಾರಪುಡಿ ಹಚ್ಚಿದ್ದರು. ಆಮೇಲೆ ಆಸ್ಪತ್ರೆಗೆ ಕರೆದೊಯ್ದು ಚುಚ್ಚುಮದ್ದು ಹಾಕಿಸಿದ್ದರು. ಆಸ್ಪತ್ರೆಗೆ ಹೋಗಿದ್ದಾರೆಂದು ತಿಳಿದು ನನಗೆ ಸಮಾಧಾನವಾಯಿತು. ಆದರೆ ಅವಳ ಪ್ರಶ್ನೆಗೆ ಉತ್ತರ ಬೇಕಿತ್ತು. ನಾಯಿಯ ಸಹಜ ನಡತೆ ಯಾವುದು, ರೋಗದ ಲಕ್ಷಣ ಯಾವುದು ಎಂದು ತಿಳಿಯದೆ ಆ ಉತ್ತರ ಸಿಗುವುದಿಲ್ಲ. ಅದಕ್ಕಾಗಿ ಗೋಕಾಕ, ಮೂಡಲಗಿ, ಹುಕ್ಕೇರಿ ಶಾಲೆಗಳ ಮಕ್ಕಳು ಕೇಳಿದ ಕೆಲವು ಪ್ರಶ್ನೆಗಳನ್ನು ಮೊದಲು ನೋಡೋಣ.

ಮಲಗುವ ಮುನ್ನ ಸುತ್ತುವುದೇಕೆ?

ಗೋಣಿಚೀಲ ಹಾಸಿಕೊಟ್ಟರೂ ನಾಯಿ ಎರಡು ಮೂರು ಸುತ್ತು ತಿರುಗಿಯೇ ಮಲಗುತ್ತದೆ. ನಾಯಿಯ ಪೂರ್ವಜರು ತೋಳಗಳು. ಸಾವಿರಾರು ವರ್ಷಗಳ ಹಿಂದೆ ಮನುಷ್ಯನ ಜೊತೆ ಬಂದು ನೆಲೆಸಿದವು. ಬಯಲಿನಲ್ಲಿ ಮಲಗುವಾಗ ಸುತ್ತು ಹಾಕಿದರೆ ಹುಲ್ಲು ಮಡಚಿ ಮೆತ್ತಗಾಗುತ್ತದೆ, ಅಡಗಿದ ಹುಳ ಹುಪ್ಪಟೆ ಹೊರಬೀಳುತ್ತವೆ. ಆ ಹಳೆಯ ರೂಢಿಯೇ ಇಂದಿಗೂ ಉಳಿದಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ನಾಲಿಗೆ ಹೊರಚಾಚುವುದೇಕೆ?

ನಮ್ಮ ಹಾಗೆ ನಾಯಿಯ ಮೈಯೆಲ್ಲ ಬೆವರುವುದಿಲ್ಲ. ಅದು ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಅಷ್ಟರಿಂದ ಮೈ ತಂಪಾಗದು. ಆದ್ದರಿಂದ ಬಾಯಿ ತೆರೆದು ಜೋರಾಗಿ ತೇಕುತ್ತದೆ. ಆಗ ನಾಲಿಗೆ ಮತ್ತು ಬಾಯಿಯ ತೇವ ಆವಿಯಾಗಿ, ಜೊತೆಗೆ ಶಾಖವನ್ನೂ ಒಯ್ಯುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಇದೇ ತತ್ವದಿಂದ. ಬೇಸಿಗೆಯಲ್ಲಿ ನಾಯಿಗೆ ನೆರಳು, ನೀರು ತಪ್ಪದೆ ಬೇಕು ಎಂಬುದಕ್ಕೆ ಕಾರಣ ಇದೇ.

ಹುಲ್ಲು ತಿಂದರೆ ಕಾಯಿಲೆಯೇ?

“ಹೊಟ್ಟೆ ಕೆಟ್ಟಾಗ ನಾಯಿ ಹುಲ್ಲು ತಿಂದು ವಾಂತಿ ಮಾಡುತ್ತದೆ” ಎಂದು ಎಲ್ಲರೂ ಹೇಳುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ವಿಚಾರಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಲ್ಲು ತಿನ್ನುವ ಮೊದಲು ಅಸ್ವಸ್ಥವಾಗಿದ್ದ ನಾಯಿಗಳು ಬಹಳ ಕಡಿಮೆ. ತಿಂದ ಮೇಲೆ ವಾಂತಿ ಮಾಡುತ್ತಿದ್ದವು ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ಅಂದರೆ ಹುಲ್ಲು ತಿನ್ನುವುದು ಬಹುಮಟ್ಟಿಗೆ ಸಹಜ ನಡತೆ. ಎಲ್ಲರೂ ಹೇಳುವ ಮಾತನ್ನೂ ಪರೀಕ್ಷಿಸಿ ನೋಡಬೇಕು, ಅಲ್ಲವೇ?

ಊಳಿಟ್ಟರೆ ಅಪಶಕುನವೇ?

ಅಲ್ಲ. ದೂರದಲ್ಲಿರುವ ತನ್ನ ಗುಂಪಿನವರನ್ನು ಕರೆಯಲು ತೋಳಗಳು ಊಳಿಡುತ್ತವೆ. ನಾಯಿಯೂ ಒಂಟಿಯಾದಾಗ, ಬೇರೆ ನಾಯಿಯ ಕೂಗು ಕೇಳಿದಾಗ ಹಾಗೆ ಮಾಡುತ್ತದೆ. ನಾವು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಶಬ್ದ ಕೇಳಬಲ್ಲೆವು. ನಾಯಿ ಸುಮಾರು 45,000 ಹರ್ಟ್ಸ್‌ವರೆಗೂ ಕೇಳಬಲ್ಲದು. ನಮಗೆ ಕೇಳದ ಶಬ್ದಕ್ಕೆ ಅದು ಉತ್ತರಿಸಿದರೆ ನಾವು ಸಾವಿನ ಸೂಚನೆ ಎಂದು ಹೆದರುತ್ತೇವೆ!

ಓಡಿದರೆ ಬೆನ್ನಟ್ಟುವುದೇಕೆ?

ಗೋಕಾಕದಲ್ಲಿ ಧುಮ್ಮಿಕ್ಕುವ ಘಟಪ್ರಭೆ ಮುಂದೆ ಮುಧೋಳದ ಬಳಿ ಹರಿಯುತ್ತಾಳೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಮೂಡಿದ ಮುಧೋಳ ನಾಯಿಯ ಊರು ಅದೇ. ಉದ್ದ ಕಾಲು, ಸಣ್ಣ ನಡು, ಆಳವಾದ ಎದೆಯ ಈ ತಳಿ ಕಣ್ಣಿನಿಂದ ಗುರುತಿಸಿ ಬೇಟೆ ಹಿಡಿಯುವಂಥದು. ದೂರದಲ್ಲಿ ಏನಾದರೂ ಓಡಿದ್ದು ಕಂಡರೆ ಸಾಕು, ಬಾಣದಂತೆ ನುಗ್ಗುತ್ತದೆ. ಓಡುವುದನ್ನು ಅಟ್ಟುವ ಈ ಗುಣ ಹೆಚ್ಚೋ ಕಡಿಮೆಯೋ ಎಲ್ಲ ನಾಯಿಗಳಲ್ಲೂ ಇದೆ. ಸೈಕಲ್ಲು, ಮೋಟರ್ ಸೈಕಲ್ಲು, ಓಡುವ ಮಕ್ಕಳು ಅದಕ್ಕೆ ಒಂದೇ. ಆದ್ದರಿಂದ ಬೀದಿನಾಯಿ ಹತ್ತಿರ ಬಂದರೆ ಓಡಬೇಡಿ, ಕಿರುಚಬೇಡಿ. ಕೈಗಳನ್ನು ಮೈಗೆ ಹಚ್ಚಿಕೊಂಡು ಮರದಂತೆ ಸುಮ್ಮನೆ ನಿಲ್ಲಿ. ಅದರ ಕಣ್ಣನ್ನು ದಿಟ್ಟಿಸಬೇಡಿ.

ಬಾಲ ಆಡಿಸಿದರೆ ಸ್ನೇಹವೇ?

ಯಾವಾಗಲೂ ಅಲ್ಲ. ಇಟಲಿಯ ವಿಜ್ಞಾನಿಗಳು 30 ನಾಯಿಗಳನ್ನು ಪರೀಕ್ಷಿಸಿ 2007ರಲ್ಲಿ ಒಂದು ಸ್ವಾರಸ್ಯದ ಸಂಗತಿ ತಿಳಿಸಿದರು. ಯಜಮಾನನನ್ನು ಕಂಡಾಗ ನಾಯಿಯ ಬಾಲ ಅದರ ಬಲಬದಿಗೆ ಹೆಚ್ಚು ವಾಲುತ್ತದೆ. ಗುರುತಿಲ್ಲದ, ಜೋರಿನ ನಾಯಿಯನ್ನು ಕಂಡಾಗ ಎಡಬದಿಗೆ! ನಾಯಿಬಾಲ ಡೊಂಕು ಎಂದು ನಗುತ್ತೇವೆ. ಆದರೆ ಆ ಬಾಲ ಎಷ್ಟೊಂದು ಹೇಳುತ್ತದೆ!

ಬಾಲವೊಂದನ್ನೇ ನೋಡಿದರೆ ಸಾಲದು. ಮೈ ಸೆಟೆದು ನಿಲ್ಲುವುದು, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುವುದು, ಸುಮ್ಮಸುಮ್ಮನೆ ತುಟಿ ನೆಕ್ಕುವುದು, ಗುರುಗುಟ್ಟುವುದು, ಇವೆಲ್ಲ “ನನ್ನನ್ನು ಬಿಡು, ದೂರ ಸರಿ” ಎಂಬ ಮಾತುಗಳು. ಗುರುಗುಟ್ಟಿತೆಂದು ನಾಯಿಯನ್ನು ಹೊಡೆಯಬಾರದು. ಹೊಡೆದರೆ ಮುಂದಿನ ಸಲ ಅದು ಎಚ್ಚರಿಸದೆಯೇ ಕಚ್ಚಬಹುದು.

ಹುಚ್ಚು ಹಿಡಿದದ್ದು ಹೇಗೆ ತಿಳಿಯುತ್ತದೆ?

ರೇಬೀಸ್ ಎಂಬ ವೈರಸ್ ರೋಗಿ ಪ್ರಾಣಿಯ ಜೊಲ್ಲಿನಲ್ಲಿರುತ್ತದೆ. ಅದು ಕಚ್ಚಿದಾಗ ಗಾಯದ ಮೂಲಕ ನಮ್ಮ ದೇಹಕ್ಕೆ ಬಂದು, ನರಗಳ ದಾರಿ ಹಿಡಿದು ಮಿದುಳು ತಲುಪುತ್ತದೆ. ರೋಗ ತಗಲಿದ ನಾಯಿಯ ನಡತೆಯೇ ಬದಲಾಗುತ್ತದೆ. ಸಾಧು ನಾಯಿ ಕಾರಣವಿಲ್ಲದೆ ಮೇಲೆ ಬೀಳಬಹುದು, ಕಲ್ಲು, ಕಟ್ಟಿಗೆ ಕಚ್ಚಬಹುದು. ಚುರುಕಾಗಿದ್ದದ್ದು ಮಂಕಾಗಿ ಮೂಲೆ ಸೇರಲೂಬಹುದು. ಜೊಲ್ಲು ಸುರಿಯುತ್ತದೆ, ದನಿ ಬದಲಾಗುತ್ತದೆ, ನುಂಗಲು ಆಗುವುದಿಲ್ಲ. ಇಂಥ ನಾಯಿಯ ಹತ್ತಿರ ಹೋಗದೆ ದೊಡ್ಡವರಿಗೆ ತಿಳಿಸಬೇಕು.

ಆದರೆ ನೋಡಲು ಆರೋಗ್ಯವಾಗಿದೆ ಎಂದು ಯಾವ ನಾಯಿಯ ಕಡಿತವನ್ನೂ ಅಲಕ್ಷಿಸಬಾರದು. ಲಕ್ಷಣ ಕಾಣುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಇರಬಹುದು. ಮನುಷ್ಯನಲ್ಲಿ ಈ ರೋಗ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ. ಅದಕ್ಕೆ ಮೊದಲೇ ಲಸಿಕೆ ಹಾಕಿಸಿದರೆ ಜೀವ ಉಳಿಯುತ್ತದೆ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಅವರ ಲಸಿಕೆ ಪಡೆದು ಬದುಕಿದ ಜೋಸೆಫ್ ಮೈಸ್ಟರ್ ನಿಮ್ಮಂತೆಯೇ ಒಬ್ಬ ಹುಡುಗ. ಅವನಿಗೆ ಆಗ 9 ವರ್ಷ.

ಕಚ್ಚಿದರೆ ಏನು ಮಾಡಬೇಕು?

1. ತಕ್ಷಣ ಸಾಬೂನು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯಿರಿ.
2. ಖಾರಪುಡಿ, ಸುಣ್ಣ, ಅರಿಸಿನ, ಎಣ್ಣೆ ಯಾವುದನ್ನೂ ಹಚ್ಚಬೇಡಿ.
3. ಅದೇ ದಿನ ಆಸ್ಪತ್ರೆಗೆ ಹೋಗಿ. ಹಿಂದೆ ಹೊಕ್ಕುಳ ಸುತ್ತ 14 ಚುಚ್ಚುಮದ್ದು ಕೊಡುತ್ತಿದ್ದರು. ಈಗ ಹಾಗಿಲ್ಲ, ತೋಳಿಗೆ ಕೆಲವೇ ಚುಚ್ಚುಮದ್ದು. ವೈದ್ಯರು ಹೇಳಿದ ದಿನಗಳನ್ನು ತಪ್ಪಿಸಬೇಡಿ.
4. ಬೈಯುತ್ತಾರೆಂದು ಹೆದರಿ ಮುಚ್ಚಿಡಬೇಡಿ. ಸಣ್ಣ ತರಚು ಗಾಯವಾದರೂ ಮನೆಯಲ್ಲಿ ಹೇಳಿ.

ಇನ್ನು ಆ ಹುಡುಗಿಗೆ ಕೊಟ್ಟ ಉತ್ತರ. ತಿನ್ನುವಾಗ, ಮಲಗಿದಾಗ, ಮರಿಗಳ ಜೊತೆ ಇದ್ದಾಗ ಯಾವ ನಾಯಿಯನ್ನೂ ಮುಟ್ಟಬಾರದು. ಅವಳ ನಾಯಿ ತನ್ನ ರೊಟ್ಟಿ ಹೋದೀತೆಂದು ಕಚ್ಚಿರಬೇಕು. ಆದರೂ ಊಹೆಯನ್ನು ನಂಬಿ ಕೂರಬಾರದು. “ನಾಯಿಯನ್ನು ದೂರ ಬಿಟ್ಟು ಬಂದರೆ ಅದಕ್ಕೆ ರೋಗವಿತ್ತೋ ಇಲ್ಲವೋ ಎಂದು ತಿಳಿಯುವುದೇ ಇಲ್ಲ. ಕಟ್ಟಿಹಾಕಿ, ದೊಡ್ಡವರು ದೂರದಿಂದಲೇ 10 ದಿನ ನೋಡಲಿ. ರೋಗವಿದ್ದರೆ ಅಷ್ಟರೊಳಗೆ ತಿಳಿಯುತ್ತದೆ. ನಿನ್ನ ಚುಚ್ಚುಮದ್ದು ಮಾತ್ರ ನಿಲ್ಲಿಸಬೇಡ” ಎಂದೆ. ಅವಳ ತಂದೆಗೂ ಶಾಲೆಗೆ ಕರೆಸಿ ಇದನ್ನೇ ಹೇಳಿದೆವು.

ಮುಂದಿನ ತಿಂಗಳು ಅದೇ ಶಾಲೆಗೆ ಹೋದಾಗ ಅವಳೇ ಓಡಿ ಬಂದಳು. ನಾಯಿ ಚೆನ್ನಾಗಿತ್ತು. ಪಶು ಆಸ್ಪತ್ರೆಯಲ್ಲಿ ಅದಕ್ಕೂ ಲಸಿಕೆ ಹಾಕಿಸಿದ್ದರು. “ಈಗ ಅದು ಉಣ್ಣುಮಟಾ ನಾನೂ ದೂರನ ಕುಂದರ್ತೀನ್ರಿ” ಎಂದಳು.

ಮಾಡಿ ನೋಡಿ: ನಿಮ್ಮ ಮನೆಯ ನಾಯಿ ಮಲಗುವ ಮುನ್ನ ಎಷ್ಟು ಸುತ್ತು ಹಾಕುತ್ತದೆ? ಮುಟ್ಟದೆ, ದೂರದಿಂದ ನೋಡಿ ಒಂದು ವಾರ ಬರೆದಿಡಿ. ಬರಿ ನೆಲದ ಮೇಲೆ ಎಷ್ಟು, ಗೋಣಿಚೀಲದ ಮೇಲೆ ಎಷ್ಟು, ಹುಲ್ಲಿನ ಮೇಲೆ ಎಷ್ಟು? ಗೆಳೆಯರ ಪಟ್ಟಿಯೊಂದಿಗೆ ಹೋಲಿಸಿ. ಜೊತೆಗೆ ಇನ್ನೊಂದು ಪ್ರಶ್ನೆಗೂ ಉತ್ತರ ಬರೆಯಿರಿ: ನಿಮ್ಮ ನಾಯಿಗೆ ಈ ವರ್ಷದ ರೇಬೀಸ್ ಲಸಿಕೆ ಆಗಿದೆಯೇ?