‘ಪೇಷಂಟ್ ಕಡೆಯವರು ಯಾರ್ರೀ?’: ಮನಸ್ಸಿನ ತುರ್ತಿನಲ್ಲಿ ಮನೆಯವರ ಜೊತೆ ಮಾತಾಡೋದನ್ನ ಡಾಕ್ಟರೂ ಕಲೀಬೇಕು

ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿ ಅಂತ ಊರು ಬಿಟ್ಟು ದುಡೀತಿರೋ ನಮ್ಮವರಿಗಾಗಿ ಮಾಡಿದ ಈ ವಾರದ ಮಾತುಕತೆಯ ಬರಹರೂಪ ಇದು.

ಆಸ್ಪತ್ರೆ ವರಾಂಡದಲ್ಲಿ ಕೂತವರಿಗೆಲ್ಲ ಒಂದು ಕೂಗು ಗೊತ್ತಿರುತ್ತೆ: ‘ಪೇಷಂಟ್ ಕಡೆಯವರು ಯಾರ್ರೀ?’ ಎದ್ದು ಹೋದರೆ ಬಿಲ್ ಕಟ್ಟಬೇಕು, ಔಷಧಿ ತರಬೇಕು, ಇಲ್ಲಾ ಸಹಿ ಹಾಕಬೇಕು. ಮನಸ್ಸಿನ ತುರ್ತು ಬಂದಾಗಲೂ ಹೀಗೇ. ಯಾರೋ ಸಾಯೋಕೆ ಹೊರಟಿದ್ದಾರೆ, ಅಥವಾ ನಾಲ್ಕು ದಿನದಿಂದ ನಿದ್ದೆಯಿಲ್ಲದೆ, ಇಲ್ಲದ ದನಿ ಕೇಳ್ತಿದೆ ಅಂತಿದ್ದಾರೆ. ಮನೆಯವರು ಪಕ್ಕದಲ್ಲೇ ಇರ್ತಾರೆ, ಆದರೆ ಚಿಕಿತ್ಸೆಯ ಒಳಗೆ ಇರಲ್ಲ. ಅವರನ್ನ ಒಳಗೆ ಕರೆದುಕೊಳ್ಳೋದು ಬರೀ ಒಳ್ಳೆತನದ ಮಾತಲ್ಲ, ಅದೊಂದು ಕಸುಬು. ಇಂಜೆಕ್ಷನ್ ಕೊಡೋದನ್ನ ಕಲಿಸಿದ ಹಾಗೆ ಇದನ್ನೂ ಡಾಕ್ಟರು, ನರ್ಸುಗಳಿಗೆ ಕಲಿಸಬೇಕು. ಇವತ್ತಿನ ವಿಷಯ ಅದೇ.

ಹಾಗಂತ ಇದು ಹೊರದೇಶದಿಂದ ಬಂದ ಹೊಸ ವಿಚಾರ ಅಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಅವರು ರೋಗಿಗಳ ಜೊತೆ ಮನೆಯವರನ್ನೂ ಆವರಣದಲ್ಲೇ ಡೇರೆ ಹಾಕಿಸಿ ಇರಿಸಿಕೊಂಡರು. 1957ರಲ್ಲಿ ಶುರುವಾದ ವೆಲ್ಲೂರು ಸಿಎಂಸಿಯ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಮನೆಯವರು ರೋಗಿಯ ಜೊತೆ ಉಳಿಯೋದೇ ಪದ್ಧತಿ ಆಯ್ತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆ ಅಂತಲೇ ಒಂದು ಕೇಂದ್ರ ಇದೆ. ಆದರೆ ಎಷ್ಟೋ ಕಡೆ ಉಳಿದಿದ್ದು ಮನೆಯವರು ಪಕ್ಕದಲ್ಲಿರೋದು ಮಾತ್ರ. ಅವರ ಜೊತೆ ಕೂತು ಮಾತಾಡೋದು ಉಳೀಲಿಲ್ಲ.

ಮಾತಾಡೋದನ್ನೇ ಪದ್ಧತಿ ಮಾಡಿದ ಒಂದು ಜಾಗ ಫಿನ್‌ಲ್ಯಾಂಡ್‌ನ ಉತ್ತರದಲ್ಲಿದೆ. ಟೋರ್ನಿಯೊ ಅನ್ನೋ ಊರಿನ ಕೆರೋಪುಡಾಸ್ ಆಸ್ಪತ್ರೆ. 1980ರ ದಶಕದಲ್ಲಿ ಅಲ್ಲಿ ‘ಓಪನ್ ಡೈಲಾಗ್’ ಅನ್ನೋ ಕ್ರಮ ಬೆಳೀತು. ಮನಶ್ಶಾಸ್ತ್ರಜ್ಞ ಯಾಕ್ಕೊ ಸೈಕ್ಕುಲ ಮತ್ತು ಅವರ ಜೊತೆಯವರು ರೂಪಿಸಿದ್ದು. ತುರ್ತು ಕರೆ ಬಂದ 24 ಗಂಟೆಯೊಳಗೆ ಮೊದಲ ಸಭೆ, ಆದಷ್ಟು ಮಟ್ಟಿಗೆ ಮನೆಯಲ್ಲೇ. ಸಭೆಯಲ್ಲಿ ರೋಗಿ ಇರ್ತಾರೆ, ಮನೆಯವರು ಇರ್ತಾರೆ, ಬೇಕಾದರೆ ಗೆಳೆಯರೂ ಇರ್ತಾರೆ. ಚಿಕಿತ್ಸೆಯ ಚರ್ಚೆ ಎಲ್ಲರ ಎದುರಿಗೇ. ರೋಗಿಯನ್ನ ಬಿಟ್ಟು ಬಾಗಿಲು ಹಾಕಿಕೊಂಡು ತೀರ್ಮಾನ ಮಾಡೋ ಹಾಗಿಲ್ಲ. ಇದಕ್ಕೆ ಅಲ್ಲಿನ ಸಿಬ್ಬಂದಿ, ನರ್ಸುಗಳೂ ಸೇರಿ, ಕೆಲಸ ಮಾಡ್ತಾನೇ ಮೂರು ವರ್ಷ ಕುಟುಂಬ ಚಿಕಿತ್ಸೆಯ ತರಬೇತಿ ಪಡೆದರು. ಮೂರು ವರ್ಷ, ನೋಡಿ! ಒಂದು ಮಧ್ಯಾಹ್ನದ ವರ್ಕ್‌ಶಾಪ್ ಅಲ್ಲ.

ಏನಪ್ಪಾ ಇದರಲ್ಲಿ ಕಲಿಯೋದು ಅಂತೀರಾ? ಮೊದಲನೆಯದು, ಪ್ರಶ್ನೆ ಕೇಳೋ ರೀತಿ. ‘ಮೊದಲೇ ಯಾಕೆ ಕರ್ಕೊಂಡು ಬರಲಿಲ್ಲ?’ ಅಂತ ಡಾಕ್ಟರ್ ಕೇಳಿದರೆ, ಅಮ್ಮನ ಕಿವಿಗೆ ಅದು ‘ತಪ್ಪು ನಿಂದೇ’ ಅಂತ ಕೇಳುತ್ತೆ. ಆಮೇಲೆ ಆಕೆ ಬಾಯಿ ಬಿಡಲ್ಲ. ಅದೇ ‘ಈ ವಾರ ಮನೇಲಿ ಏನೇನು ನೋಡಿದಿರಮ್ಮ?’ ಅಂದರೆ, ಸ್ಕ್ಯಾನಿಂಗ್‌ನಲ್ಲಿ ಸಿಗದ ಮಾಹಿತಿ ಸಿಗುತ್ತೆ. ಎರಡನೆಯದು, ಎಲ್ಲರಿಗೂ ಮಾತಿನ ಪಾಳಿ ಕೊಡೋದು. ಜೋರಾಗಿ ಮಾತಾಡೋ ಮಾವನನ್ನ ಮೆಲ್ಲಗೆ ತಡೆದು, ಮೂಲೆಯಲ್ಲಿ ಕೂತ ತಂಗಿಯನ್ನ ಕೇಳೋದು. ಇದನ್ನ ಪುಸ್ತಕ ಓದಿ ಕಲಿಯೋಕೆ ಆಗಲ್ಲ. ಒಬ್ಬರು ಅಪ್ಪ, ಒಬ್ಬರು ರೋಗಿ ಅಂತ ಪಾತ್ರ ಮಾಡಿ, ಹಿರಿಯರ ಎದುರು ಅಭ್ಯಾಸ ಮಾಡಿ ಕಲಿಯಬೇಕು.

ಮೂರನೆಯದು ಗುಟ್ಟಿನ ವಿಷಯ. ‘ರೋಗಿ ಒಪ್ಪಿಲ್ಲ, ಮನೆಯವರ ಜೊತೆ ಮಾತಾಡಲ್ಲ’ ಅನ್ನೋ ಡಾಕ್ಟರು ಇದ್ದಾರೆ. ರೋಗಿಯ ಮಾಹಿತಿ ಹೇಳೋದು ಬೇರೆ, ಮನೆಯವರು ಹೇಳೋದನ್ನ ಕೇಳಿಸಿಕೊಳ್ಳೋದು ಬೇರೆ. ಕೇಳಿಸಿಕೊಂಡರೆ ಯಾರ ಗುಟ್ಟೂ ರಟ್ಟಾಗಲ್ಲ. ಜೀವಕ್ಕೆ ಅಪಾಯ ಇರುವಾಗ ಮಾಹಿತಿ ಹಂಚಿಕೊಳ್ಳೋಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಅವಕಾಶ ಕೊಟ್ಟಿದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಕೆಲವು ಸಲ ನೋವಿನ ಮೂಲ ಮನೆಯೇ ಆಗಿರುತ್ತೆ. ಹೊಡೆಯೋ ಗಂಡ, ಬಲವಂತದ ಮದುವೆ ಹೀಗೆ. ಅದಕ್ಕೇ ರೋಗಿಯನ್ನ ಒಬ್ಬರನ್ನೇ ಕೂರಿಸಿಕೊಂಡು ಮಾತಾಡೋದೂ ತರಬೇತಿಯ ಭಾಗ ಆಗಬೇಕು. ಹಾಗೇ, ಫಿನ್‌ಲ್ಯಾಂಡ್‌ನ ಅಧ್ಯಯನಗಳು ಸಣ್ಣವು, ಅದೊಂದರಿಂದಲೇ ಎಲ್ಲ ಸಾಬೀತಾಯ್ತು ಅನ್ನೋ ಹಾಗಿಲ್ಲ. ಆದರೆ ಸ್ಕಿಜೋಫ್ರೇನಿಯಾ ಇರುವವರ ಮನೆಯವರಿಗೆ ಕಾಯಿಲೆಯ ತಿಳಿವಳಿಕೆ ಕೊಟ್ಟರೆ ಅದು ಮರುಕಳಿಸೋದು ಕಡಿಮೆ ಆಗುತ್ತೆ ಅನ್ನೋದಕ್ಕೆ ಹಲವು ದೇಶಗಳ ಪ್ರಯೋಗಗಳ ಆಧಾರ ಇದೆ.

ಈಗ ನಮ್ಮ ವಿಷಯಕ್ಕೆ ಬರೋಣ. ಹುಡುಗ ಹಿಂಜವಾಡಿಯಲ್ಲಿ, ಅಪ್ಪ ಅಮ್ಮ ಹಾವೇರಿಯಲ್ಲಿ ಅಂದ್ಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಕರ್ಕೊಂಡು ಹೋಗೋದು ರೂಮ್‌ಮೇಟ್. ಡಾಕ್ಟರ್ ಮರಾಠಿಯಲ್ಲೋ ಹಿಂದಿಯಲ್ಲೋ ಕೇಳ್ತಾರೆ. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಇಲ್ಲಿ ‘ಮನೆಯವರು’ ಅಂದರೆ ಯಾರು? ಕಾಯ್ದೆ ಇದಕ್ಕೆ ಒಂದು ದಾರಿ ಮಾಡಿದೆ. ನಾಮನಿರ್ದೇಶಿತ ಪ್ರತಿನಿಧಿ ಅಂತ ವಯಸ್ಕರೊಬ್ಬರನ್ನ ನಾವೇ ಆರಿಸಬಹುದು. ರಕ್ತಸಂಬಂಧಿಯೇ ಆಗಬೇಕು ಅಂತಿಲ್ಲ, ಗೆಳೆಯನೂ ಆಗಬಹುದು. ಬಿಳಿ ಹಾಳೆ ಮೇಲೆ ಬರೆದು ಸಹಿ ಹಾಕಿದರೆ ಸಾಕು, ಆದರೆ ಅವರೂ ಒಪ್ಪಿ ಬರೆದುಕೊಡಬೇಕು. ತಲೆ ತಣ್ಣಗಿರುವಾಗಲೇ ಇದನ್ನ ಮಾಡಿಟ್ಟುಕೊಳ್ಳಿ.

ಆಸ್ಪತ್ರೆಯಲ್ಲಿ ನೀವು ‘ಪೇಷಂಟ್ ಕಡೆಯವರು’ ಆದಾಗ ಮೂರು ಮಾತು ಧೈರ್ಯವಾಗಿ ಕೇಳಿ. ಒಂದು, ‘ಊರಲ್ಲಿರೋ ಅಪ್ಪ ಅಮ್ಮನ್ನ ವಿಡಿಯೋ ಕಾಲ್‌ನಲ್ಲಿ ಸೇರಿಸ್ಕೋಬಹುದಾ? ನಾನು ಕನ್ನಡಕ್ಕೆ ಹೇಳ್ತೀನಿ.’ ಎರಡು, ‘ಡಿಸ್ಚಾರ್ಜ್ ಮುಂಚೆ ಎಲ್ಲರೂ ಒಟ್ಟಿಗೆ ಕೂತು ಮಾತಾಡಬಹುದಾ?’ ಮೂರು, ‘ಮತ್ತೆ ಹೆಚ್ಚಾಗ್ತಿದೆ ಅನ್ನೋದಕ್ಕೆ ಗುರುತೇನು, ಯಾರಿಗೆ ಫೋನ್ ಮಾಡ್ಬೇಕು, ಮಾತ್ರೆ ಯಾರ ಹತ್ರ ಇರ್ಬೇಕು ಅಂತ ಬರೆದು ಕೊಡ್ತೀರಾ?’ ಡಿಸ್ಚಾರ್ಜ್ ಆದ ಮೊದಲ ಕೆಲವು ವಾರಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. ಆಗ ಜೊತೆಯಲ್ಲಿ ಇರೋದು ಡಾಕ್ಟರ್ ಅಲ್ಲ, ನೀವು.

ಈಗಲೇ ಯಾರಿಗಾದರೂ ಸಹಾಯ ಬೇಕಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 24 ಗಂಟೆಯೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ. ಕರೆ ಮಾಡೋಕೆ ರೋಗಿಯೇ ಆಗಬೇಕಿಲ್ಲ, ಗಾಬರಿಯಾದ ಮನೆಯವರೂ ಮಾಡಬಹುದು. ಈ ನಂಬರ್ ನಿಮ್ಮ ಪಿಜಿಯವರಿಗೂ ಊರಲ್ಲಿರೋ ಮನೆಗೂ ಕಳಿಸಿ.