ನುಣುಪು ಗಾಲಿಗೆ ಹಿಡಿತ ಸಿಕ್ಕ ಕತೆ

ಸಂಡೂರಿನ ಬೆಟ್ಟಗಳಲ್ಲಿ ಅದಿರಿದೆ, ಕಲ್ಲಿದ್ದಲಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದು ಮರ್ಮಗೋವಾ ಬಂದರಿನಿಂದಲೂ ಘಟ್ಟ ಹತ್ತಿ, ಹುಬ್ಬಳ್ಳಿ, ಹೊಸಪೇಟೆ ದಾಟಿ ಬರುತ್ತದೆ. ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ 37 ಅಡಿಗೆ ಒಂದಡಿ ಏರು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ, ಸಾಲದ್ದಕ್ಕೆ ಮಳೆ. ಇಂಜಿನ್ನಿಗೆ ಎಷ್ಟು ಬಲವಿದ್ದರೇನು, ಗಾಲಿ ನಿಂತಲ್ಲೇ ಗಿರಗಿರ ತಿರುಗಿದರೆ ಗಾಡಿ ಕದಲದು.

ಈ ಭಯ ರೈಲಿನಷ್ಟೇ ಹಳೆಯದು. 1804ರಲ್ಲಿ ವೇಲ್ಸ್‌ನಲ್ಲಿ ರಿಚರ್ಡ್ ಟ್ರೆವಿಥಿಕ್ ನುಣುಪು ಗಾಲಿಯಿಂದಲೇ ಗಾಡಿ ಎಳೆಸಿದ್ದ. ಆದರೆ ಇಂಜಿನ್ನಿನ ಭಾರಕ್ಕೆ ಎರಕದ ಹಳಿಗಳು ಮುರಿದವು. ಇಂಜಿನ್ ಹಗುರ ಮಾಡಿದರೆ ಜಾರುತ್ತದೆ. 1812ರಲ್ಲಿ ಲೀಡ್ಸ್ ಬಳಿ ಜಾನ್ ಬ್ಲೆಂಕಿನ್‌ಸಾಪ್ ಹಳಿಗೇ ಹಲ್ಲು ಕೂಡಿಸಿ, ಹಲ್ಲಿನ ಗಾಲಿಯಿಂದ ಓಡಿಸಿದ.

ವೈಲಂ ಗಣಿಯ ವಿಲಿಯಂ ಹೆಡ್ಲಿ ಮಾಡಿದ್ದೇ ನನಗೆ ಹೆಚ್ಚು ಜಾಣತನ ಅನ್ನಿಸುತ್ತದೆ. ಅವನು ಮೊದಲಿಗೆ ಉಗಿಯ ಗೋಜಿಗೇ ಹೋಗಲಿಲ್ಲ. ಒಂದು ಬಂಡಿ ಮಾಡಿಸಿ, ಹಿಡಿಕೆ ಹಚ್ಚಿ, ಆಳುಗಳಿಂದ ಗಾಲಿ ತಿರುಗಿಸಿದ. ಹಿಂದೆ ಕಲ್ಲಿದ್ದಲಿನ ವ್ಯಾಗನ್ ಕಟ್ಟಿ, ಗಾಲಿ ಜಾರುವ ತನಕ ಹೊರೆ ಏರಿಸಿದ. ಬಂಡಿಯ ಮೇಲಿನ ತೂಕ ಬದಲಿಸಿ ಮತ್ತೆ ನೋಡಿದ. ತಿರುಗುವ ಗಾಲಿಗಳ ಮೇಲೆ ಸಾಕಷ್ಟು ತೂಕ ಬಿದ್ದರೆ ಹಲ್ಲು ಬೇಕಿಲ್ಲ ಎಂಬುದು ಖಚಿತವಾಯಿತು. 1813ರಲ್ಲಿ ಪೇಟೆಂಟ್ ಪಡೆದ. ಅಲ್ಲಿ ಕಟ್ಟಿದ ‘ಪಫಿಂಗ್ ಬಿಲ್ಲಿ’ ಇಂಜಿನ್ ಈಗಲೂ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿದೆ.

ಕಾರುಗಳ ಡ್ರ್ಯಾಗ್ ರೇಸಿನ ಹವ್ಯಾಸಿಗಳು ತಿಣುಕುವುದೂ ಈ ಹಿಡಿತಕ್ಕೇ. 402 ಮೀಟರ್ ಓಟದಲ್ಲಿ ಗೆಲುವು ಬಹುಪಾಲು ಹೊರಡುವಾಗಲೇ ತೀರ್ಮಾನ. ಕಾರು ಚಿಮ್ಮಿದಾಗ ತೂಕ ಹಿಂದಿನ ಗಾಲಿಗೆ ವಾಲುತ್ತದೆ. ಗೆರೆಯಿಲ್ಲದ ಬೋಳು ಟೈರಿಗೆ ಗಾಳಿ ಕಡಿಮೆ ಮಾಡಿದರೆ ಅದು ಅಗಲಕ್ಕೆ ನೆಲ ಹಿಡಿಯುತ್ತದೆ. ಓಟಕ್ಕೆ ಮೊದಲು ನಿಂತಲ್ಲೇ ತಿರುಗಿಸಿ ಕಾಯಿಸಿದರೆ ರಬ್ಬರು ಅಂಟುತ್ತದೆ. ಆದರೆ ಬೋಳು ಟೈರಿನ ಈ ಶೂರತನ ಒಣ ಟ್ರ್ಯಾಕಿಗೆ ಮಾತ್ರ. ಮಳೆಯಲ್ಲಿ ಹೊಸಪೇಟೆ–ಕಂಪ್ಲಿ ರಸ್ತೆಗಿಳಿದರೆ ನೀರು ಹೋಗಲು ಗೆರೆ ಬೇಕೇ ಬೇಕು.

ಇತ್ತ ಘಟ್ಟದಲ್ಲಿ ರೈಲಿನವರು ಗಾಲಿಯ ಮುಂದೆ ಒಣ ಮರಳು ಊದುತ್ತಾರೆ, ಹಿಂದಿನಿಂದಲೂ ಇಂಜಿನ್ ಹಚ್ಚಿ ತಳ್ಳುತ್ತಾರೆ. ಹುಬ್ಬಳ್ಳಿ ಶೆಡ್ಡಿಗೆ ಬಂದ ಡಬ್ಲ್ಯೂಡಿಜಿ-4 ಇಂಜಿನ್ 126 ಟನ್ ತೂಗುತ್ತದೆ. ಅದರ ಕಂಪ್ಯೂಟರ್ ಗಾಲಿಯನ್ನು ಬೇಕೆಂದೇ ತುಸು ಜಾರಗೊಡುತ್ತದೆ. ಹಿಡಿತ ಅತಿ ಹೆಚ್ಚು ಸಿಗುವುದು ಆ ಸಣ್ಣ ಜಾರಿಕೆಯಲ್ಲೇ, ಟೈರಿಗೂ ಹಾಗೆಯೇ.

ಹಾಗೆಂದು ಬ್ಲೆಂಕಿನ್‌ಸಾಪ್ ಪೂರಾ ಸೋಲಲಿಲ್ಲ. ನೀಲಗಿರಿಯ ಕಲ್ಲಾರ್–ಕೂನೂರು ನಡುವೆ, ಸುಮಾರು 12 ಅಡಿಗೆ ಒಂದಡಿ ಏರಿನಲ್ಲಿ, ರೈಲು ಇಂದಿಗೂ ಹಲ್ಲಿನ ಹಳಿ ಕಚ್ಚಿಕೊಂಡೇ ಹತ್ತುತ್ತದೆ.