ಆಂಗ್ಲ ವ್ಯವಹಾರ ಪತ್ರಗಳಲ್ಲಿ ಪರಿಮಾಣವಾಚಕಗಳು

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ, ಕಾಫಿ, ಕಾಳುಮೆಣಸು ಹೊರರಾಜ್ಯಗಳಿಗೆ ಸಾಗುವಾಗ ಆರ್ಡರು ಹಾಗೂ ಕರಾರುಗಳು ಅನೇಕ ವೇಳೆ ಆಂಗ್ಲಭಾಷೆಯಲ್ಲಿರುತ್ತವೆ. ಅವುಗಳಲ್ಲಿ ಸರಕಿನ ಪ್ರಮಾಣ ಸೂಚಿಸುವ ಪದವೊಂದು ತಪ್ಪಿದರೂ ನಷ್ಟ ಸಂಭವಿಸಬಹುದು. 1930ರ ಸರಕು ಮಾರಾಟ ಅಧಿನಿಯಮದ 37ನೆಯ ಪ್ರಕರಣದಂತೆ, ವ್ಯಾಪಾರದ ರೂಢಿ ಅಥವಾ ವಿಶೇಷ ಕರಾರು ಬೇರೆ ಇದ್ದ ಹೊರತು, ಒಪ್ಪಿದ್ದಕ್ಕಿಂತ ಕಡಿಮೆ ಸರಕು ಬಂದರೆ ಖರೀದಿದಾರನು ತಿರಸ್ಕರಿಸಬಹುದು. ಹೆಚ್ಚು ಬಂದರೆ ಹೆಚ್ಚಿನ ಭಾಗವನ್ನಾಗಲಿ ಪೂರ್ಣವಾಗಿಯಾಗಲಿ ತಿರಸ್ಕರಿಸಬಹುದು.

ಎಣಿಕೆ ಮತ್ತು ತೂಕ

ಚೀಲಗಳನ್ನು ಎಣಿಸುತ್ತೇವೆ, ಮೆಣಸನ್ನು ತೂಗುತ್ತೇವೆ. ಕನ್ನಡದ ‘ಎಷ್ಟು’ ಎಂಬ ಪದ ಎರಡಕ್ಕೂ ಸಲ್ಲುತ್ತದೆ, ಆಂಗ್ಲಭಾಷೆಯಲ್ಲಿ ಹಾಗಲ್ಲ. ಎಣಿಸುವುದಕ್ಕೆ ‘ಹೌ ಮೆನಿ ಬ್ಯಾಗ್ಸ್’, ‘ಫ್ಯೂವರ್ ಬ್ಯಾಗ್ಸ್’. ತೂಗುವುದಕ್ಕೆ ‘ಹೌ ಮಚ್ ಪೆಪ್ಪರ್’, ‘ಲೆಸ್ ಪೆಪ್ಪರ್’. ನಾವು ‘ಹತ್ತು ಚೀಲ ಮೆಣಸು’ ಎಂದರೂ ಅಲ್ಲಿ ‘ಟೆನ್ ಬ್ಯಾಗ್ಸ್ ಆಫ್ ಪೆಪ್ಪರ್’ ಎಂದು ಚೀಲಕ್ಕೆ ಬಹುವಚನ ಸೇರಲೇಬೇಕು.

ಒಂದು ಅಕ್ಷರದ ಅಂತರ

‘ವಿ ಹ್ಯಾವ್ ಎ ಫ್ಯೂ ಬ್ಯಾಗ್ಸ್’ ಎಂದರೆ ಕೆಲವು ಚೀಲಗಳಿವೆ, ಮಾರಾಟ ಸಾಧ್ಯ ಎಂದರ್ಥ. ‘ಎ’ ಬಿಟ್ಟರೆ ಸರಕು ಇಲ್ಲವೆನ್ನುವಷ್ಟು ಕಡಿಮೆ ಎಂಬ ಭಾವ ಬರುತ್ತದೆ. ಗಿರಾಕಿ ಬೇರೆಡೆಗೆ ಹೋದಾನು. ‘ಎ ಲಿಟ್ಲ್’, ‘ಲಿಟ್ಲ್’ ಪದಗಳಿಗೂ ಇದೇ ಭೇದ.

‘ಆಲ್ ಬ್ಯಾಗ್ಸ್ ಆರ್ ನಾಟ್ ಡ್ರೈ’ ಎಂಬ ವಾಕ್ಯ ಇನ್ನೂ ಅಪಾಯಕರ. ಒಂದು ಚೀಲವೂ ಒಣಗಿಲ್ಲವೇ, ಕೆಲವು ಮಾತ್ರ ಒಣಗಿಲ್ಲವೇ ಎಂಬುದು ತಿಳಿಯದು. ಮೊದಲನೆಯದಕ್ಕೆ ‘ನನ್ ಆಫ್ ದಿ ಬ್ಯಾಗ್ಸ್ ಈಸ್ ಡ್ರೈ’, ಎರಡನೆಯದಕ್ಕೆ ‘ನಾಟ್ ಆಲ್ ದಿ ಬ್ಯಾಗ್ಸ್ ಆರ್ ಡ್ರೈ’ ಎಂದು ಬರೆಯಬೇಕು.

‘ಅಬೌಟ್’ ಪದದ ಬೆಲೆ

ರಫ್ತು ವ್ಯವಹಾರದಲ್ಲಿ ಈ ಪದಕ್ಕೆ ನಿಶ್ಚಿತ ಅರ್ಥವುಂಟು. 2007ರ ಜುಲೈ 1ರಿಂದ ಜಾರಿಯಲ್ಲಿರುವ ಅಂತಾರಾಷ್ಟ್ರೀಯ ವಾಣಿಜ್ಯ ಮಂಡಲಿಯ ಯುಸಿಪಿ 600 ನಿಯಮಾವಳಿಯ 30ನೆಯ ವಿಧಿಯಂತೆ, ಲೆಟರ್ ಆಫ್ ಕ್ರೆಡಿಟ್‌ನಲ್ಲಿ ‘ಅಬೌಟ್’ ಅಥವಾ ‘ಅಪ್ರಾಕ್ಸಿಮೇಟ್ಲಿ’ ಎಂದಿದ್ದರೆ ಶೇ. 10ರವರೆಗೆ ಹೆಚ್ಚುಕಡಿಮೆಗೆ ಅವಕಾಶವಿದೆ. ‘ಅಬೌಟ್ 100 ಬ್ಯಾಗ್ಸ್’ ಎಂದರೆ 90ರಿಂದ 110 ಚೀಲ. ಆದರೆ ಈ ರಿಯಾಯಿತಿ ಆ ಪದ ಯಾವುದರ ಜೊತೆಗಿದೆಯೋ ಅದಕ್ಕೆ ಮಾತ್ರ ಅನ್ವಯಿಸುತ್ತದೆ. ಹಣದ ಮೊತ್ತದ ಪಕ್ಕದಲ್ಲಿಯೂ ಅದು ಇಲ್ಲದಿದ್ದರೆ, 110 ಚೀಲ ಕಳುಹಿಸಿದರೂ ಕ್ರೆಡಿಟ್‌ನಲ್ಲಿ ನಮೂದಿಸಿದ ಮೊತ್ತಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬರಿದೆ ‘100 ಬ್ಯಾಗ್ಸ್’ ಎಂದಿದ್ದರೆ ನೂರೇ ಚೀಲ.

ಕರಾರಿನಲ್ಲಿ ಅಂಕಿಯೇ ಲೇಸು

‘ಸಮ್’, ‘ಸೆವೆರಲ್’ ಮುಂತಾದ ಪದಗಳು ವಿಚಾರಣೆಯ ಪತ್ರಕ್ಕೆ ಸಾಕು, ಕರಾರಿಗೆ ಸಲ್ಲವು. ಅರ್ಥ ನಿಶ್ಚಿತವಲ್ಲದ, ನಿಶ್ಚಿತಗೊಳಿಸಲೂ ಬಾರದ ಒಪ್ಪಂದ ಅಸಿಂಧುವೆಂದು 1872ರ ಭಾರತೀಯ ಕರಾರು ಅಧಿನಿಯಮದ 29ನೆಯ ಪ್ರಕರಣ ಹೇಳುತ್ತದೆ. ಆದ್ದರಿಂದ ಚೀಲಗಳ ಸಂಖ್ಯೆ, ಪ್ರತಿ ಚೀಲದ ನಿವ್ವಳ ತೂಕ, ಅಡಿಕೆಯಾದರೆ ರಾಶಿಯೋ ಬೆಟ್ಟೆಯೋ ಎಂಬ ದರ್ಜೆ, ಒಪ್ಪಬಹುದಾದ ವ್ಯತ್ಯಾಸದ ಶೇಕಡಾವಾರು, ಇವಿಷ್ಟನ್ನೂ ಅಂಕಿ ಅಕ್ಷರಗಳೆರಡರಲ್ಲಿಯೂ ನಮೂದಿಸಿ ಸಹಿ ಹಾಕುವುದು ಕ್ಷೇಮಕರ.